ಇಪ್ಪತ್ತೆರಡು ಸಾವಿರದ ತಖ್ತಿ

ನಲವತ್ತು ದಾಟಿದ ಮೇಲೆ ಪುಸ್ತಕ ಕಣ್ಣಿನಿಂದ ದೂರ ಸರಿಯತೊಡಗುತ್ತದೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಕೈ ಇನ್ನು ಉದ್ದವಾಗಲಾರದು ಎಂದು ಖಾತ್ರಿಯಾದ ದಿನ ನಾವು ಕನ್ನಡಕದಂಗಡಿಯ ಮೆಟ್ಟಿಲು ಹತ್ತಿದೆವು. ಆದರೂ ಹಳೆಯ ಉರ್ದು ಕಾದಂಬರಿಗಳ ಇರುವೆ ಸಾಲಿನಂಥ ಅಕ್ಷರಗಳು ರಾತ್ರಿಯ ಬೆಳಕಿನಲ್ಲಿ ಪಟ್ಟು ಬಿಡಲಿಲ್ಲ. ಇ-ರೀಡರ್ ಎಂಬ ಓದುವ ಯಂತ್ರದ ಮೇಲೆ ನಮಗೆ ಆಸೆ ಹುಟ್ಟಿದ್ದು ಹೀಗೆ.

ಅದು 2021ರ ರಮಝಾನ್. ಕೊರೋನಾದ ಎರಡನೆಯ ಅಲೆಗೆ ಊರು ಬಾಗಿಲು ಹಾಕಿಕೊಂಡಿತ್ತು, ಗ್ರಂಥಾಲಯವೂ ಮುಚ್ಚಿತ್ತು. ಬೆಂಗಳೂರಿನ ಕೆಲಸವನ್ನು ಮನೆಯಿಂದಲೇ ಮಾಡುತ್ತಿದ್ದ ಅಕ್ಕನ ಮಗ ತನ್ನ ಕಿಂಡಲ್ ಒಯಾಸಿಸ್ ಅನ್ನು ನಮ್ಮ ಕೈಗಿಟ್ಟು, "ಮಾಮು, ಈದ್‌ವರೆಗೆ ಇಟ್ಕೊಳ್ಳಿ. ಹಿಡಿಸಿದ್ರೆ ನೀವೂ ಒಂದು ತಗೊಳ್ಳಿ" ಎಂದ. ಬೆಲೆ ಕೇಳಿದೆವು. 2019ರಲ್ಲಿ ಬಂದ ಆ ಮಾದರಿಯ ಬೆಲೆ ನಮ್ಮ ದೇಶದಲ್ಲಿ 21,999 ರೂಪಾಯಿಯಿಂದ ಶುರು. ಇನ್ನೂರು ರೂಪಾಯಿಯ ಕನ್ನಡ ಪುಸ್ತಕವೆಂದರೆ ನೂರಹತ್ತು ಆದೀತು.

ಅಮ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ಮದ್ರಸಾದ ತಖ್ತಿ ಇದ್ದ ಹಾಗೆ ಇದೆಯಲ್ಲ" ಎಂದರು. ಅವರ ಕಾಲದಲ್ಲಿ ಮಕ್ಕಳು ಮರದ ಹಲಗೆಗೆ ಮಣ್ಣು ಬಳಿದು, ಬಿದಿರಿನ ಲೇಖನಿಯಿಂದ ಅಲಿಫ್, ಬೆ ಬರೆದು, ತೊಳೆದು ಮತ್ತೆ ಬರೆಯುತ್ತಿದ್ದರು. ಅಮ್ಮಿಯ ಮಾತು ಬರೀ ತಮಾಷೆಯಲ್ಲ. ಈ ಯಂತ್ರದ ಪರದೆಯೊಳಗೆ ಕೂದಲೆಳೆಯ ದಪ್ಪದ ಲಕ್ಷಾಂತರ ಗುಳ್ಳೆಗಳಿವೆ. ಒಂದೊಂದರಲ್ಲೂ ಕಪ್ಪು ಮತ್ತು ಬಿಳಿ ಕಣಗಳು. ವಿದ್ಯುತ್ ತಾಗಿದಾಗ ಬೇಕಾದ ಕಡೆ ಕಪ್ಪು ಮೇಲೆ ಬಂದು ಅಕ್ಷರವಾಗುತ್ತದೆ. ಒಮ್ಮೆ ಮೂಡಿದ ಪುಟ ಹಾಗೇ ನಿಲ್ಲುತ್ತದೆ, ಮುಂದಿನ ಪುಟಕ್ಕೆ ಹೋಗುವವರೆಗೆ ಅದಕ್ಕೆ ವಿದ್ಯುತ್ತಿನ ಹಂಗಿಲ್ಲ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರುವುದು ಈ ಕಾರಣಕ್ಕೆ. ಬರೆದು ತೊಳೆಯುವ ತಖ್ತಿಯೇ ಸೈ!

ಸಹರಿ ಮುಗಿಸಿ, ಫಜ್ರ್ ನಮಾಝ್ ಆದ ಮೇಲೆ ನಿದ್ದೆ ಬಾರದ ಹೊತ್ತಿನಲ್ಲಿ ಇಂಗ್ಲಿಷ್ ಕಾದಂಬರಿಯೊಂದನ್ನು ಅದರಲ್ಲಿ ತೆರೆದೆವು. ಅಕ್ಷರ ದೊಡ್ಡದು ಮಾಡಿದೆವು, ಇನ್ನೂ ದೊಡ್ಡದು ಮಾಡಿದೆವು. ಕನ್ನಡಕ ತೆಗೆದಿಟ್ಟೆವು. ಮೊಬೈಲಿನಂತೆ ಕಣ್ಣು ಚುಚ್ಚಲಿಲ್ಲ. ಮೂರು ದಿನದಲ್ಲಿ ಪುಸ್ತಕ ಮುಗಿಯಿತು. ನಿಜ ಹೇಳಬೇಕೆಂದರೆ ಮನಸ್ಸು ಸೋತಿತ್ತು.

ಆದರೆ ಸಂಸಾರಸ್ಥರು ಮನಸ್ಸು ಸೋತ ಮೇಲೂ ಲೆಕ್ಕ ಹಾಕುತ್ತಾರೆ. ಅದೇ ಕಂಪನಿಯ ಪೇಪರ್‌ವೈಟ್ ಎಂಬ ಇನ್ನೊಂದು ಮಾದರಿ ಆಗ 12,999ಕ್ಕೆ ಇತ್ತು. ಇಂಚಿಗೆ 300 ಚುಕ್ಕಿ ಎಂಬ ಸ್ಪಷ್ಟತೆ ಎರಡರಲ್ಲೂ ಒಂದೇ. ಒಂಬತ್ತು ಸಾವಿರ ಹೆಚ್ಚು ತೆತ್ತರೆ ಸಿಗುವುದು ಲೋಹದ ಬೆನ್ನು, ಪುಟ ತಿರುಗಿಸುವ ಗುಂಡಿ, ಒಂದಿಂಚು ದೊಡ್ಡ ಪರದೆ, ರಾತ್ರಿಗೆ ಹಳದಿಯಾಗುವ ಬೆಳಕು. ಎಲ್ಲವೂ ಸೊಗಸೇ. ಆದರೆ ಇವುಗಳಿಂದ ಓದು ಒಂದು ಸಾಲೂ ಹೆಚ್ಚುವುದಿಲ್ಲ.

ನಿಜವಾದ ಪರೀಕ್ಷೆ ಆಮೇಲೆ ನಡೆಯಿತು. ಅಮ್ಮಿಯ ಕಣ್ಣು ನಮ್ಮದಕ್ಕಿಂತ ಬಹಳ ಸೋತಿದೆ, ಅವರು ಓದುವುದು ಉರ್ದು ಮಾತ್ರ. ಹಳೆಯ ಉರ್ದು ಕಾದಂಬರಿಯೊಂದರ ಸ್ಕ್ಯಾನ್ ಪ್ರತಿಯನ್ನು ಅಕ್ಕನ ಮಗ ಹಾಕಿಕೊಟ್ಟ. ಅದು ಪುಟದ ಫೋಟೋ ಅಷ್ಟೇ. ಹಿಗ್ಗಿಸಿದರೆ ಇಡೀ ಪುಟವೇ ಹಿಗ್ಗಿ ಪರದೆಯ ಆಚೆ ಹೋಗುತ್ತದೆ. ಅಮ್ಮಿ ಸಾಲಿನ ಬಲತುದಿಯಿಂದ ಎಡತುದಿಗೆ ಬರುವಷ್ಟರಲ್ಲಿ ಸಾಲೇ ಜಾರಿ ಹೋಗಿರುತ್ತಿತ್ತು. ಹತ್ತು ನಿಮಿಷಕ್ಕೆ ತಖ್ತಿ ಹಿಂದಿರುಗಿತು.

ಕನ್ನಡದ ಕತೆಯೇನು? ನಮ್ಮದೇ ಮೊದಲ ಕಥಾಸಂಕಲನವನ್ನು ಹಾಕಿ ನೋಡೋಣವೆಂದು ಪ್ರಕಾಶಕರಿಂದ ಫೈಲ್ ತರಿಸಿದೆವು. ತೆರೆದರೆ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿಗಳ ಜಾತ್ರೆ! ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಡಿಟಿಪಿ ಮಾಡಿದ್ದು. ಆ ಫಾಂಟ್ ಇಲ್ಲದ ಕಡೆ ನಮ್ಮ ಕತೆ ನಮಗೇ ಓದಲು ಬಾರದು. 2016ರ ಡಿಸೆಂಬರ್‌ನಲ್ಲಿ ಅಮೆಜಾನ್ ಕಿಂಡಲ್‌ಗೆ ಭಾರತೀಯ ಭಾಷೆಗಳನ್ನು ಸೇರಿಸಿದಾಗ ಪಟ್ಟಿಯಲ್ಲಿದ್ದದ್ದು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ. ನಾವು ಕಲಿತ ಎರಡು ಭಾಷೆಗಳೂ ಆ ಐದರಲ್ಲಿ ಇರಲಿಲ್ಲ. ಕಂಪನಿಯನ್ನು ದೂರುವ ಮೊದಲು ನಮ್ಮ ಕಪಾಟಿನ ಫೈಲನ್ನೂ ನೋಡಿಕೊಳ್ಳಬೇಕಾಯಿತು.

ಯಂತ್ರ ಹಿಂದಿರುಗಿಸುವಾಗ ಅಮ್ಮಿ ಇನ್ನೊಂದು ಪ್ರಶ್ನೆ ಕೇಳಿದರು: "ಇದರಲ್ಲಿ ಓದಿದ ಕಿತಾಬನ್ನು ಬೇರೆಯವರಿಗೆ ಕೊಡಬಹುದಾ?" ಅಕ್ಕನ ಮಗ ತಲೆ ಕೆರೆದುಕೊಂಡ. ಹಣ ಕೊಟ್ಟರೂ ಅಲ್ಲಿ ಸಿಗುವುದು ಓದುವ ಪರವಾನಗಿ, ಪುಸ್ತಕವಲ್ಲ. 2009ರ ಜುಲೈನಲ್ಲಿ ಜಾರ್ಜ್ ಆರ್ವೆಲ್ಲನ '1984' ಮತ್ತು 'ಅನಿಮಲ್ ಫಾರ್ಮ್' ಪ್ರತಿಗಳು ಹಕ್ಕುಸ್ವಾಮ್ಯದ ತಕರಾರಿನಿಂದಾಗಿ ಕೊಂಡವರ ಕಿಂಡಲ್‌ಗಳಿಂದಲೇ ಅಳಿಸಿಹೋದವು. ಹಣ ವಾಪಸು ಬಂತು, ಕಂಪನಿ ಕ್ಷಮೆಯನ್ನೂ ಕೇಳಿತು. ಆದರೆ ನಮ್ಮ ಕಪಾಟಿನಿಂದ ಪುಸ್ತಕ ತೆಗೆಯಲು ಯಾರಾದರೂ ಬಾಗಿಲನ್ನಾದರೂ ತಟ್ಟಬೇಕಲ್ಲ! 2025ರ ಫೆಬ್ರವರಿಯಲ್ಲಿ, ಕೊಂಡ ಇ-ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಯಂತ್ರಕ್ಕೆ ಹಾಕುವ ಸೌಲಭ್ಯವೂ ನಿಂತಿತು.

ಅಮ್ಮಿಯ ಪ್ರಶ್ನೆ ನಮಗೆ ನಾಟಿದ್ದಕ್ಕೆ ಕಾರಣವಿದೆ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಕನ್ನಡ ಹೈಸ್ಕೂಲಿಗೆ ಹೋದಾಗ ಒತ್ತಕ್ಷರ ಕಂಡರೆ ನಾವು ಬೆವರುತ್ತಿದ್ದೆವು. ಕನ್ನಡ ಮೇಷ್ಟ್ರು ತಮ್ಮ ಚೀಲದಿಂದ ಒಂದು ಪುಸ್ತಕ ತೆಗೆದು, "ಓದಿ ಕೊಡು" ಎಂದರು. ಅದು ಮುಗಿದಾಗ ಇನ್ನೊಂದು. ಮೂರು ವರ್ಷ ಆ ಚೀಲ ಬರಿದಾಗಲಿಲ್ಲ. ಆ ಪುಸ್ತಕಗಳು ಅವರೊಬ್ಬರ ಪರವಾನಗಿಯಾಗಿದ್ದರೆ ನಾವು ಇಂದು ಕನ್ನಡದಲ್ಲಿ ಕತೆ ಬರೆಯುತ್ತಿರಲಿಲ್ಲ. ಮನುಷ್ಯ ಸತ್ತ ಮೇಲೂ ನಿಲ್ಲದ ಪುಣ್ಯಗಳಲ್ಲಿ ಉಪಯುಕ್ತ ಜ್ಞಾನವನ್ನೂ ಹದೀಸ್ ಎಣಿಸುತ್ತದೆ. ಕೈಯಿಂದ ಕೈಗೆ ಹೋಗದ ಜ್ಞಾನ ಆ ಲೆಕ್ಕಕ್ಕೆ ಹೇಗೆ ಸೇರೀತು?

ಒಯಾಸಿಸ್ ಮಾರಾಟ 2024ರಲ್ಲಿ ನಿಂತಿತು. ಹೊಸ ಮಾದರಿಗಳ ಹೆಸರು ಹೇಳಿ ಅಕ್ಕನ ಮಗ ಈಗಲೂ ಆಸೆ ಹುಟ್ಟಿಸುತ್ತಾನೆ. ಹೆಚ್ಚಾಗಿ ಇಂಗ್ಲಿಷ್ ಓದುವವರು, ಊರೂರು ತಿರುಗುವವರು, ಕಣ್ಣು ಸೋತವರು ಕೊಳ್ಳಲಿ. ಅವರಿಗೂ ನಡುವಿನ ಬೆಲೆಯದು ಸಾಕು ಎಂಬುದು ನಮ್ಮ ಸಲಹೆ. ನಾವಂತೂ ಕೊಳ್ಳಲಿಲ್ಲ. ಅದಕ್ಕೆಂದು ಎತ್ತಿಟ್ಟ ಹಣದಲ್ಲಿ ಒಂದು ಪಾಲು ಕೊಟ್ಟು, ನಮ್ಮ ಆ ಹಳೆಯ ಸಂಕಲನವನ್ನು ಯೂನಿಕೋಡ್‌ಗೆ ಬದಲಿಸಿ ತಿದ್ದಿಸಿದೆವು. ನಾಳೆ ಯಾವ ಯಂತ್ರ ಬಂದರೂ ಅದಕ್ಕೆ ಕೊಡಲು ನಮ್ಮ ಬಳಿ ಕನ್ನಡವಾದರೂ ಇರಲಿ ಎಂದು.

ಈಗ ಇಶಾ ನಮಾಝ್ ಆದ ಮೇಲೆ ಅಮ್ಮಿಗೆ ಕಾದಂಬರಿ ಓದಿ ಹೇಳುವ ಕೆಲಸ ನಮ್ಮದು. ನಡುನಡುವೆ ಅಕ್ಷರ ಮಂಜಾಗಿ ನಾವು ನಿಲ್ಲಿಸುತ್ತೇವೆ. "ಏನು, ನಿನಗೂ ಕಾಣಲ್ವಾ?" ಎಂದು ಅಮ್ಮಿ ನಗುತ್ತಾರೆ. ಆಗೆಲ್ಲ ಆ ತಖ್ತಿ ನೆನಪಾಗುವುದು ಸುಳ್ಳಲ್ಲ.