ಕರುಳು ಬಲ್ಲ ಸಕ್ಕರೆಯ ಲೆಕ್ಕ

ದಪ್ಪಗಿರುವವರನ್ನು ಕಂಡು ನಗುವುದು ನಮ್ಮ ಸಮಾಜದಲ್ಲಿ ಬಹು ಅಗ್ಗವಾದ ವಿನೋದ. ಅಂತಹವರಿಗೆ ಸಕ್ಕರೆ ಕಾಯಿಲೆಯೂ ಉಂಟೆಂದು ತಿಳಿದರಂತೂ ನಗೆಯ ಜೊತೆಗೆ ಉಪದೇಶವೂ ಸೇರಿಕೊಳ್ಳುತ್ತದೆ. ‘ಬಾಯಿ ಕಟ್ಟಿದರೆ ಎಲ್ಲವೂ ಸರಿಹೋಗುತ್ತದೆ’ ಎಂಬ ಮಾತನ್ನು ನನ್ನ ತಂಗಿ ಹನ್ನೆರಡು ವರ್ಷಗಳ ಕಾಲ ಕೇಳಿದಳು. ಅವಳು ಬಾಯಿ ಕಟ್ಟಲಿಲ್ಲವೆಂದಲ್ಲ. ಅನ್ನವನ್ನು ಬಿಟ್ಟಳು, ಹಬ್ಬದ ದಿನ ಹೋಳಿಗೆಯನ್ನು ಬಡಿಸಿ ತಾನು ಮಜ್ಜಿಗೆ ಕುಡಿದು ಎದ್ದಳು, ನಸುಕಿನಲ್ಲಿ ಎದ್ದು ನಡೆದಳು. ತೂಕ ನಾಲ್ಕು ಕಿಲೊ ಇಳಿಯುವುದು, ಮತ್ತೆ ಆರು ಕಿಲೊ ಏರುವುದು. ನಲವತ್ತಾರನೆಯ ವಯಸ್ಸಿನಲ್ಲಿ ಅವಳ ತೂಕ ೧೦೮ ಕಿಲೊ. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಸೂಜಿ. ಇಷ್ಟು ಸಾಲದೆಂಬಂತೆ, ಕಣ್ಣಿನ ಒಳಪರದೆಯಲ್ಲಿ ರಕ್ತದ ಸಣ್ಣ ಚುಕ್ಕೆಗಳು ಕಾಣಿಸಿಕೊಂಡಿವೆಯೆಂದು ಕಣ್ಣಿನ ವೈದ್ಯರು ತಿಳಿಸಿದರು.

ಆಗ ಅವಳ ವೈದ್ಯರು ಶಸ್ತ್ರಚಿಕಿತ್ಸೆಯ ಮಾತನ್ನೆತ್ತಿದರು. ನಮ್ಮ ತಾಯಿಗೆ ಅದು ಸುತರಾಂ ಒಪ್ಪಿಗೆಯಾಗಲಿಲ್ಲ. “ಸಕ್ಕರೆ ಇರುವುದು ರಕ್ತದಲ್ಲಿ. ಅದಕ್ಕೆ ಹೊಟ್ಟೆಯನ್ನೇಕೆ ಕೊಯ್ಯಬೇಕು?” ಎಂದು ಕೇಳಿದರು.

ಆ ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ವೈದ್ಯಶಾಸ್ತ್ರವೂ ಉತ್ತರವನ್ನು ಆಕಸ್ಮಿಕವಾಗಿಯೇ ಕಂಡುಕೊಂಡಿತು. ೧೯೬೬ರಲ್ಲಿ ಅಮೆರಿಕದ ಅಯೋವಾದಲ್ಲಿ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರು ಜಠರದ ಬಹುಭಾಗವನ್ನು ಬಳಸಿ ಹೋಗುವಂತೆ ಆಹಾರಕ್ಕೆ ಹೊಸ ದಾರಿ ಮಾಡುವ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಅವರ ಗುರಿ ತೂಕವನ್ನು ಇಳಿಸುವುದಷ್ಟೇ ಆಗಿತ್ತು. ಅನಂತರ ಉತ್ತರ ಕ್ಯಾರೊಲಿನದ ಗ್ರೀನ್‌ವಿಲ್ ಎಂಬ ಊರಿನಲ್ಲಿ ವಾಲ್ಟರ್ ಪೋರೀಸ್ ಮತ್ತು ಅವರ ಸಹೋದ್ಯೋಗಿಗಳು ಒಂದು ವಿಚಿತ್ರವನ್ನು ಗಮನಿಸಿದರು. ಮಧುಮೇಹಿಗಳ ತೂಕ ಇಳಿಯುವುದಕ್ಕೆ ಮುಂಚೆಯೇ, ಕೆಲವೇ ದಿನಗಳೊಳಗೆ, ರಕ್ತದ ಸಕ್ಕರೆ ಇಳಿದುಬಿಡುತ್ತಿತ್ತು! ೧೯೯೫ರಲ್ಲಿ ಅವರು ಪ್ರಕಟಿಸಿದ ವರದಿಯಂತೆ, ೧೪೬ ಮಧುಮೇಹಿಗಳ ಪೈಕಿ ೧೨೧ ಮಂದಿಯ ಸಕ್ಕರೆ ಸಹಜ ಮಟ್ಟದಲ್ಲಿ ನಿಂತಿತ್ತು. ಇದನ್ನು ಯಾರು ತಾನೆ ಊಹಿಸಿದ್ದರು ಎಂಬ ಉದ್ಗಾರವನ್ನೇ ಅವರು ಆ ವರದಿಗೆ ಶಿರೋನಾಮೆಯಾಗಿ ಇಟ್ಟರು.

ಕಾರಣವನ್ನು ನಮಗೆ ಬಿಡಿಸಿ ಹೇಳಿದವರು ತಂಗಿಯ ವೈದ್ಯರು. ಒಂದು ಹಾಳೆಯ ಮೇಲೆ ಜಠರದ ಚಿತ್ರ ಬರೆದು, ಮೇಲ್ತುದಿಯಲ್ಲಿ ಕೋಳಿಮೊಟ್ಟೆಯ ಗಾತ್ರದ ಚೀಲವೊಂದನ್ನು ಬೇರ್ಪಡಿಸಿ, ಅದನ್ನು ಸಣ್ಣ ಕರುಳಿನ ಕೆಳಭಾಗಕ್ಕೆ ನೇರವಾಗಿ ಜೋಡಿಸಿ ತೋರಿಸಿದರು. ಊಟ ಬಹಳ ಕಡಿಮೆಯಾದ ಕೂಡಲೆ ಯಕೃತ್ತು ತನ್ನಲ್ಲಿ ತುಂಬಿಕೊಂಡಿದ್ದ ಕೊಬ್ಬನ್ನು ಕಳೆದುಕೊಳ್ಳತೊಡಗುತ್ತದೆ. ಹಗಲಿರುಳೂ ರಕ್ತಕ್ಕೆ ಸುರಿಯುತ್ತಿದ್ದ ಸಕ್ಕರೆಯನ್ನು ತಗ್ಗಿಸುತ್ತದೆ. ಇದು ಮೊದಲನೆಯದು. ಆಹಾರವು ಕರುಳಿನ ಕೆಳಭಾಗವನ್ನು ಬೇಗನೆ ಮುಟ್ಟುವುದರಿಂದ ಅಲ್ಲಿನ ಕಣಗಳು ಜಿಎಲ್‌ಪಿ-೧ ಎಂಬ ಹಾರ್ಮೋನನ್ನು ಹೇರಳವಾಗಿ ಸ್ರವಿಸುತ್ತವೆ. ಅದು ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸಿ ಇನ್ಸುಲಿನ್ ಕೊಡಿಸುತ್ತದೆ. ಮೆದುಳಿಗೆ ‘ಸಾಕು’ ಎಂಬ ಸುದ್ದಿ ಮುಟ್ಟಿಸುತ್ತದೆ. ಇದು ಎರಡನೆಯದು. ಇನ್ನು ತಿಂಗಳುಗಳು ಕಳೆದು ಮೈಯ ಕೊಬ್ಬು ಕರಗಿದಂತೆ, ಇದ್ದ ಇನ್ಸುಲಿನ್ನಿಗೇ ದೇಹ ಚೆನ್ನಾಗಿ ಓಗೊಡುವುದು ಮೂರನೆಯದು. ಈಗ ಎಲ್ಲರ ಬಾಯಲ್ಲಿರುವ ಸೆಮಾಗ್ಲುಟೈಡ್ ಚುಚ್ಚುಮದ್ದು ಸಹ ಕರುಳಿನ ಆ ಹಾರ್ಮೋನನ್ನೇ ಅನುಕರಿಸುವಂಥದು.

ಅಂದು ತಂಗಿಯ ಮುಖದಲ್ಲಿ ಕಂಡ ನೆಮ್ಮದಿಯನ್ನು ನಾನು ಮರೆಯಲಾರೆ. “ಹಾಗಾದರೆ ಇದು ನನ್ನ ನಾಲಿಗೆಯ ಚಾಪಲ್ಯವೊಂದೇ ಅಲ್ಲ ಅಲ್ಲವೆ, ಅಣ್ಣಯ್ಯ?” ಎಂದಳು. ಹನ್ನೆರಡು ವರ್ಷ ಹೊತ್ತ ಅಪವಾದವು ಶಸ್ತ್ರಕ್ಕಿಂತ ಮೊದಲೇ ಅವಳ ಮೇಲಿನಿಂದ ಇಳಿದಿತ್ತು.

ಶಸ್ತ್ರಕ್ರಿಯೆ ನಡೆಯಿತು. ಎರಡನೆಯ ದಿನವೇ ಇನ್ಸುಲಿನ್ನಿನ ಪ್ರಮಾಣವನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. ಹಾಗೆ ಮಾಡದಿದ್ದರೆ ಸಕ್ಕರೆ ವಿಪರೀತ ಇಳಿದು ಪ್ರಾಣಕ್ಕೇ ಸಂಚಕಾರ. ಎರಡು ತಿಂಗಳಲ್ಲಿ ಸೂಜಿ ನಿಂತಿತು. ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ೧ಸಿ ಪರೀಕ್ಷೆಯಲ್ಲಿ ೯.೮ ಇದ್ದ ಅಂಕ ವರ್ಷದೊಳಗೆ ೬.೧ಕ್ಕೆ ಬಂದಿತು. ಆದರೆ ಒಂದು ಮಾತ್ರೆ ಮಾತ್ರ ಉಳಿದುಕೊಂಡಿತು.

ಆ ಒಂದು ಮಾತ್ರೆ ನೆಂಟರ ಬಾಯಿಗೆ ಸಿಕ್ಕಿತು. ನಮ್ಮ ಸೋದರತ್ತೆ, “ಇಷ್ಟೆಲ್ಲ ಕೊಯ್ಯಿಸಿಕೊಂಡೂ ಮಾತ್ರೆ ತಪ್ಪಲಿಲ್ಲವಲ್ಲೇ!” ಎಂದು ಮರುಗಿದರು. “ಸೂಜಿ ತಪ್ಪಿತಲ್ಲ ಅತ್ತೆ. ಕಣ್ಣು ಉಳಿದಿದೆಯಲ್ಲ,” ಎಂದು ತಂಗಿ ನಕ್ಕಳು.

ಅವಳ ಲೆಕ್ಕವೇ ಸರಿಯಾದುದು. ಔಷಧವಿಲ್ಲದೆ ಮೂರು ತಿಂಗಳಾದರೂ ಎಚ್‌ಬಿಎ೧ಸಿ ೬.೫ಕ್ಕಿಂತ ಕೆಳಗಿದ್ದರೆ ಅದನ್ನು ವೈದ್ಯರು ಉಪಶಮನವೆನ್ನುತ್ತಾರೆ, ಗುಣವೆನ್ನುವುದಿಲ್ಲ. ರೋಗ ಹಳೆಯದಾದಷ್ಟೂ, ಇನ್ಸುಲಿನ್ ಆರಂಭವಾಗಿ ವರ್ಷಗಳಾದಷ್ಟೂ ಉಪಶಮನದ ಸಂಭವ ಕಡಿಮೆ. ಪಡೆದವರಲ್ಲಿಯೂ ಅದು ಶಾಶ್ವತವಲ್ಲ. ಸ್ವೀಡನ್ ದೇಶದಲ್ಲಿ ದೀರ್ಘಕಾಲ ನಡೆದ ಅಧ್ಯಯನವೊಂದರ ಫಲಿತಾಂಶ ೨೦೧೪ರಲ್ಲಿ ಹೊರಬಂದಿತು. ಶಸ್ತ್ರಚಿಕಿತ್ಸೆಯಾದ ಎರಡು ವರ್ಷಕ್ಕೆ ನೂರಕ್ಕೆ ೭೨ ಮಂದಿ ಮಧುಮೇಹಿಗಳಲ್ಲಿ ಉಪಶಮನವಿತ್ತು. ಹದಿನೈದು ವರ್ಷಕ್ಕೆ ಅದು ೩೦ಕ್ಕೆ ಇಳಿದಿತ್ತು. ಅಲ್ಲಿ ನಡೆದ ಶಸ್ತ್ರಕ್ರಿಯೆಗಳು ಬಹುಮಟ್ಟಿಗೆ ಹಳೆಯ ವಿಧಾನದವು. ಆದರೂ ಕಣ್ಣು, ಮೂತ್ರಪಿಂಡ, ನರಗಳ ಸೂಕ್ಷ್ಮ ರಕ್ತನಾಳಗಳಿಗೆ ತಗಲುವ ತೊಡಕುಗಳು, ಸಾಮಾನ್ಯ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ, ಸುಮಾರು ಅರ್ಧದಷ್ಟು ಮಾತ್ರ. ಸಕ್ಕರೆ ಹದದಲ್ಲಿದ್ದ ವರ್ಷಗಳು ವ್ಯರ್ಥವಾಗುವುದಿಲ್ಲವೆಂದು ಇದರಿಂದ ತಿಳಿಯುತ್ತದೆ. ಒಂದು ಎಚ್ಚರಿಕೆಯುಂಟು: ಸಕ್ಕರೆ ಬಹಳ ಬೇಗ ಇಳಿದಾಗ, ಮೊದಲೇ ಕೆಟ್ಟಿರುವ ಕಣ್ಣು ಕೆಲಕಾಲ ಇನ್ನಷ್ಟು ಹದಗೆಡಬಹುದು. ಆದಕಾರಣ ತಂಗಿಯ ಕಣ್ಣನ್ನು ಶಸ್ತ್ರಕ್ರಿಯೆಗೆ ಮುಂಚೆಯೂ ಅನಂತರವೂ ಪದೇ ಪದೇ ಪರೀಕ್ಷಿಸಿದರು.

ಶಸ್ತ್ರವೈದ್ಯರ ಕೆಲಸ ಕೆಲವು ಗಂಟೆಗಳಲ್ಲಿ ಮುಗಿಯಿತು. ಮನೆಯ ಕೆಲಸ ಇನ್ನೂ ಮುಗಿದಿಲ್ಲ. ಅವಳ ಊಟ ಈಗ ಒಂದು ಬಟ್ಟಲಿನಷ್ಟು. ಮೊದಲು ಬೇಳೆ, ಮೊಳಕೆಕಾಳು, ಮೊಸರು, ಅನ್ನ ಕೊನೆಗೆ. ಚೆನ್ನಾಗಿ ಅಗಿಯಬೇಕು, ಊಟದ ನಡುವೆ ನೀರು ಕುಡಿಯಬಾರದು. ಸಿಹಿ ಹೆಚ್ಚಾದರೆ ಎದೆ ಡವಗುಟ್ಟಿ, ಬೆವರಿ, ತಲೆ ತಿರುಗುತ್ತದೆ. ಆಹಾರದ ಸತ್ವ ಪೂರ್ತಿಯಾಗಿ ಹೀರಲ್ಪಡದ ಕಾರಣ ಬಿ-೧೨, ಕಬ್ಬಿಣ, ಸುಣ್ಣದ ಅಂಶಗಳ ಮಾತ್ರೆಗಳು ಜೀವನಪರ್ಯಂತ. ‘ಇನ್ನೊಂದು ಹಾಕಿಸಿಕೊ’ ಎಂದು ಒತ್ತಾಯಿಸುವುದನ್ನೇ ಪ್ರೀತಿಯೆಂದು ತಿಳಿದ ನಮ್ಮ ಮನೆತನದಲ್ಲಿ, ಬಡಿಸುವ ಕೈಯನ್ನು ಹಿಂದೆಗೆಯುವುದೂ ಪ್ರೀತಿಯೆಂಬುದನ್ನು ಎಲ್ಲರೂ ಕಲಿಯಬೇಕಾಯಿತು. ಮೊದಲು ಕಲಿತವರು ನಮ್ಮ ತಾಯಿಯೇ.

ಈ ಚಿಕಿತ್ಸೆ ಕೇವಲ ಅತಿ ಸ್ಥೂಲರಿಗೆಂದು ಹಿಂದೆ ಭಾವಿಸಿದ್ದರು. ಕಿಲೊಗಳಲ್ಲಿರುವ ತೂಕವನ್ನು ಮೀಟರುಗಳಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸೂಚ್ಯಂಕವು, ಏಷ್ಯದ ಜನರಲ್ಲಿ ೨೭.೫ನ್ನು ದಾಟಿದರೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಬಹುದೆಂದು ಈ ಕ್ಷೇತ್ರದ ಎರಡು ವೈದ್ಯಸಂಘಗಳು ೨೦೨೨ರಲ್ಲಿ ಸೂಚಿಸಿದವು. ನನ್ನ ತಂಗಿಯದು ೪೩ ಇತ್ತು. ಹಾಗೆಂದು ಎಲ್ಲರೂ ಶಸ್ತ್ರಕ್ಕೆ ಮೈಯೊಡ್ಡಬೇಕೆಂದು ನಾನು ಹೇಳುವುದಿಲ್ಲ. ಜೋಡಣೆ ಸೋರುವುದು, ರಕ್ತ ಹೆಪ್ಪುಗಟ್ಟುವುದು ಮುಂತಾದ ಅಪಾಯಗಳು ವಿರಳವಾದರೂ ಇಲ್ಲದಿಲ್ಲ.

ಇದು ಆರನೆಯ ವರ್ಷ. ತಂಗಿಯ ತೂಕ ೭೯ ಕಿಲೊ, ಎಚ್‌ಬಿಎ೧ಸಿ ೬.೭; ಮಾತ್ರೆ ಅದೇ ಒಂದು. ಇಂತಹ ನಿರ್ಧಾರದ ಹೊಸ್ತಿಲಲ್ಲಿ ನಿಂತಿರುವ ಓದುಗರು ‘ರೋಗ ಹೋಗುತ್ತದೆಯೆ?’ ಎಂದು ಕೇಳಿ ಸುಮ್ಮನಾಗಬಾರದು. ಈ ರೋಗ ಎಷ್ಟು ಹಳೆಯದು, ಗ್ರಂಥಿಯಲ್ಲಿ ಎಷ್ಟು ಶಕ್ತಿ ಉಳಿದಿದೆ, ಮುಂದಿನ ವರ್ಷಗಳುದ್ದಕ್ಕೂ ಜೊತೆಗೆ ನಿಲ್ಲುವವರು ಯಾರು ಎಂದು ಕೇಳಬೇಕು. ಮೊದಲೆರಡಕ್ಕೆ ವೈದ್ಯರು ಉತ್ತರ ಕೊಡುತ್ತಾರೆ. ಮೂರನೆಯದಕ್ಕೆ ಮನೆಯವರೇ ಉತ್ತರ ಕೊಡಬೇಕು.