ಮೂರನೆಯ ತರಗತಿಯ ಕನ್ನಡಂಗಳು

ಕಾರ್ಕಳದ ಕಡೆಯ ಒಂದು ಕಥೋಲಿಕ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸುವ ಸಿಸ್ಟರ್ ಒಬ್ಬರು ನನ್ನ ಹಳೆಯ ವಿದ್ಯಾರ್ಥಿನಿ. ಸೆಮಿಸ್ಟರ್ ರಜೆಯಲ್ಲಿ ನಾನು ಮನೆಯಲ್ಲಿರುವುದನ್ನು ತಿಳಿದು, "ಸರ್, ಒಂದು ವಾರ ನಮ್ಮ ಮಕ್ಕಳೊಟ್ಟಿಗೆ ಕೂತು ನೋಡಿ. ಹಳಗನ್ನಡ ಎಲ್ಲಿಗೂ ಓಡಿ ಹೋಗುವುದಿಲ್ಲ" ಎಂದು ಕರೆದರು. ಮೂವತ್ತು ವರ್ಷಗಳ ಕಾಲ ಪದವಿ ತರಗತಿಗಳಿಗೆ ಪಂಪ, ಜನ್ನರನ್ನು ಪಾಠ ಹೇಳಿದವನು ಸೋಮವಾರದಿಂದ ಶನಿವಾರದವರೆಗೆ ಮೂರನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕುಳಿತುದು ಹೀಗೆ.

ತರಗತಿಯಲ್ಲಿ 19 ಮಕ್ಕಳು. ಬೆಳಗಿನ ಪ್ರಾರ್ಥನೆ ಕನ್ನಡದಲ್ಲಿ. ಬಿಡುವಿನ ಜಗಳ ತುಳುವಿನಲ್ಲಿ. ಸಿಸ್ಟರ್ ಅಡುಗೆಯವರೊಡನೆ ಆಡುವ ಮಾತು ಕೊಂಕಣಿಯಲ್ಲಿ. ಪಠ್ಯದ 'ಮನೆ' ಎಂಬ ಪದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತೀರಿ ಎಂದು ಮಂಗಳವಾರ ನಾನು ಕೇಳಿದೆ. ಕ್ರೈಸ್ತ ಮಕ್ಕಳು 'ಘರ್' ಎಂದರು. ತುಳುವ ಹುಡುಗನೊಬ್ಬ ಎದ್ದು "ಇಲ್ಲ್" ಎಂದಾಗ ಅವನ ಪಕ್ಕದವಳು, "ಸರ್, ಇವನಿಗೆ ಮನೆ ಇಲ್ಲವಂತೆ" ಎಂದು ನಗಿಸಿದಳು. ತೆಲುಗಿನ 'ಇಲ್ಲು', ತಮಿಳಿನ 'ಇಲ್ಲಂ' ಇವುಗಳ ಬಂಧುವಾದ ಈ ಪದದ ವಂಶಾವಳಿಯನ್ನು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ಆ ನಗು ಅದಕ್ಕಿಂತ ಚೆನ್ನಾಗಿತ್ತು.

ಆದರೆ ಇನ್ನೊಂದು ಬಗೆಯ ನಗುವೂ ಆ ಕೊಠಡಿಯಲ್ಲಿತ್ತು. ಕಿಟಕಿಯ ಬಳಿ ಕುಳಿತ ಹುಡುಗಿ, "ನಮ್ಮ ಊರಾಗಿನ ಮನ್ಯಾಗ ಎರಡು ಆಡು ಅದಾವ್ರಿ" ಎಂದಳು. ಇಡೀ ತರಗತಿ ನಕ್ಕಿತು. ಅವಳು ಕುಳಿತುಬಿಟ್ಟಳು, ಬುಧವಾರ ಸಂಜೆಯವರೆಗೆ ಮತ್ತೆ ಮಾತನಾಡಲಿಲ್ಲ. ತಂದೆ ಕೆಂಪುಕಲ್ಲಿನ ಕೋರೆಯಲ್ಲಿ ಕೂಲಿ. ಅವಳ ನೋಟ್ ಪುಸ್ತಕದಲ್ಲಿ 'ಮನಿ', 'ಎಲಿ', 'ಐತಿ' ಎಂಬಲ್ಲೆಲ್ಲ ಕೆಂಪು ಸುತ್ತುಗಳು. ಕನ್ನಡದಲ್ಲಿ ತರಗತಿಗೇ ಕಡಿಮೆ ಅಂಕ ಅವಳದು. ಹತ್ತೊಂಬತ್ತು ಮಕ್ಕಳಲ್ಲಿ ಕನ್ನಡವೇ ಮನೆಮಾತಾಗಿದ್ದ ಮಗುವೂ ಅವಳೊಬ್ಬಳೇ!

"ಯಾವ ಊರಮ್ಮ ನಿನ್ನದು?" ಎಂದು ಊಟದ ಸಾಲಿನಲ್ಲಿ ಕೇಳಿದೆ.

"ಪಟ್ಟದಕಲ್ಲ ಬಾಜೂಕ್ರೀ."

ಪಟ್ಟದಕಲ್ಲೆಂದರೆ ಕಿಸುವೊಳಲು. ಒಂಬತ್ತನೆಯ ಶತಮಾನದಲ್ಲಿ ಕವಿರಾಜಮಾರ್ಗಕಾರನು ಕಾವೇರಿಯಿಂದ ಗೋದಾವರಿಯವರೆಗಿನ ನಾಡನ್ನು ಹೇಳಿ, ಅದರೊಳಗೂ ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಣ ಸೀಮೆಯನ್ನು ಕನ್ನಡದ ತಿರುಳೆಂದು ಗುರುತಿಸಿದ. ಪಂಪನು ತನ್ನದು ಪುಲಿಗೆರೆಯ ತಿರುಳ್ಗನ್ನಡವೆಂದು ಹೆಮ್ಮೆಪಟ್ಟ. ಇದನ್ನು ನಾನು ಪ್ರತಿವರ್ಷ ಪಾಠ ಹೇಳಿದ್ದೇನೆ, ನಕ್ಷೆಯನ್ನೂ ಬರೆದು ತೋರಿಸಿದ್ದೇನೆ. ಆ ತಿರುಳಿನಿಂದ ಬಂದ ಮಗು ತಟ್ಟೆ ಹಿಡಿದು ನನ್ನೆದುರು ನಿಂತಿತ್ತು, ಕನ್ನಡದಲ್ಲಿ ಹಿಂದುಳಿದ ವಿದ್ಯಾರ್ಥಿನಿಯಾಗಿ.

ಇಲ್ಲಿ ಭಾವುಕತೆಗೆ ಎಡೆಯಿಲ್ಲ. ಸಾವಿರ ವರ್ಷಗಳ ಹಿಂದಿನ ತಿರುಳ್ಗನ್ನಡವೂ ಇಂದಿನ ಬಾಗಲಕೋಟೆಯ ಆಡುಮಾತೂ ಒಂದೇ ಅಲ್ಲ. ಹಳಗನ್ನಡದಲ್ಲೂ ಅದು 'ಮನೆ'ಯೇ, 'ಮನಿ' ಅಲ್ಲ. ಕವಿರಾಜಮಾರ್ಗದ ಇನ್ನೊಂದು ಮಾತು ಇಲ್ಲಿ ಹೆಚ್ಚು ಸಲ್ಲುತ್ತದೆ. ದೇಸಿಗಳು ಬೇರೆಬೇರೆಯಾಗಿರುವುದರಿಂದ ಇವುಗಳಲ್ಲಿ ದೋಷ ಇಷ್ಟೇ ಎಂದು ನಿರ್ಣಯಿಸಹೊರಟರೆ ವಾಸುಕಿಯೂ ಬೇಸತ್ತಾನು ಎನ್ನುವಾಗ ಆ ಲಾಕ್ಷಣಿಕನು ಬಳಸುವುದು 'ಕನ್ನಡಂಗಳ್' ಎಂಬ ಬಹುವಚನವನ್ನು. ಲಕ್ಷಣ ಗ್ರಂಥ ಬರೆಯಲು ಕುಳಿತವನಿಗೇ ಇದ್ದ ಈ ಔದಾರ್ಯ ನಮ್ಮ ಕೆಂಪು ಶಾಯಿಗೆ ಏಕಿಲ್ಲ?

ಸಿಸ್ಟರ್ ಬಳಿ ಇದನ್ನೆತ್ತಿದೆ. ಅವರು ನೊಂದುಕೊಳ್ಳಲಿಲ್ಲ, ಒಪ್ಪಲೂ ಇಲ್ಲ. "ಸರ್, ನನ್ನ ಮನೆಮಾತು ಕೊಂಕಣಿ. ನಾನು ಪುಸ್ತಕದಿಂದಲೇ ಕನ್ನಡ ಕಲಿತದ್ದು. 'ಮನಿ'ಗೆ ಇವತ್ತು ನಾನು ಅಂಕ ಕೊಟ್ಟರೆ ನಾಳೆ ಪಬ್ಲಿಕ್ ಪರೀಕ್ಷೆಯಲ್ಲಿ ಯಾರು ಕೊಡ್ತಾರೆ?" ಎಂದರು. ಅವರ ಮಾತು ನ್ಯಾಯವಾದುದೇ. ಬರೆಯುವ ಕನ್ನಡವನ್ನು ಕಲಿಸದೆ ಬಿಟ್ಟರೆ ಬಡವರ ಮಗುವಿಗೇ ಮೊದಲ ನಷ್ಟ. "ಬರೆಹಕ್ಕೆ ಸುತ್ತು ಹಾಕಿ. ಬಾಯಿಗೆ ಹಾಕಬೇಡಿ" ಎಂದಷ್ಟೇ ಹೇಳಿದೆ. ಈ ತರಗತಿಯಲ್ಲಿ ತುಳುವ ಮಕ್ಕಳ 'ಉಂಟು' ಕೂಡ ಪಠ್ಯದ 'ಇದೆ' ಅಲ್ಲ. ಆದರೆ ಅದಕ್ಕೆ ಯಾರೂ ನಗುವುದಿಲ್ಲ, ಏಕೆಂದರೆ ಎಲ್ಲರದೂ ಅದೇ.

ಶನಿವಾರ ಹೊಸ ಪಾಠವಿಲ್ಲ. ವಾರದ ಪಾಠಗಳ ಪುನರಾವರ್ತನೆ. 1599ರ ಜೆಸ್ವಿಟರ ಶಿಕ್ಷಣ ನಿಯಮಾವಳಿಯಲ್ಲಿಯೂ ಶನಿವಾರಕ್ಕೆ ಇದೇ ವಿಧಿ. ಈ ಸಿಸ್ಟರ್‌ಗಳು ಆ ಸಂಘದವರಲ್ಲವಾದರೂ ಪದ್ಧತಿ ಹೋಲುತ್ತದೆ. ತತ್ತ್ವಾರ್ಥಸೂತ್ರವು ಸ್ವಾಧ್ಯಾಯವನ್ನು ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ ಎಂದು ಐದಾಗಿ ವಿಂಗಡಿಸುತ್ತದೆ. ನಮ್ಮ ಶಾಲೆಗಳಲ್ಲಿ ವಾಚನಾ ಧಾರಾಳ, ಆಮ್ನಾಯವೆಂಬ ಉರುಹೊಡೆಯುವಿಕೆ ಇನ್ನೂ ಧಾರಾಳ. ಸೊರಗಿರುವುದು ಪೃಚ್ಛನಾ, ಅಂದರೆ ಪ್ರಶ್ನೆ. ಇಲ್ಲಿ ಮಾತ್ರ ಶನಿವಾರದ ಕೊನೆಯ ಅರ್ಧಗಂಟೆ ಮಕ್ಕಳೇ ಕೇಳಬೇಕು.

ಆ ಹುಡುಗಿ ಎದ್ದಳು. "ಸಿಸ್ಟರ್, ಮನಿ ಅಂದ್ರ ತಪ್ಪೇನ್ರಿ?"

ಹಿಂದಿನಿಂದ ಒಬ್ಬ ಕಿಸಕ್ಕೆಂದ. ಸಿಸ್ಟರ್ ಕಪ್ಪುಹಲಗೆಯ ಮೇಲೆ 'ಮನೆ' ಎಂದು ಬರೆದು, ಗೆರೆ ಎಳೆದು, ಅದರ ಕೆಳಗೆ 'ಮನಿ, ಇಲ್ಲ್, ಘರ್' ಎಂದು ಬರೆದರು. "ಪರೀಕ್ಷೆಯಲ್ಲಿ ಮೇಲಿನದ್ದು ಬರೀಬೇಕು. ಕೆಳಗಿನದ್ದು ಮೂರೂ ತಪ್ಪಲ್ಲ, ನಮ್ಮ ನಮ್ಮ ಮನೆಯವು." ಹುಡುಗಿ ನಾಲ್ಕನ್ನೂ, ನಡುವಿನ ಗೆರೆಯನ್ನೂ ಬರೆದುಕೊಂಡಳು.

ಗೇಟಿನ ತನಕ ಬಂದ ಸಿಸ್ಟರ್, ಮಳೆಗಾಲಕ್ಕೆ ಮೊದಲೇ ಆ ಕುಟುಂಬ ಊರಿಗೆ ಮರಳುವುದಾಗಿಯೂ ತಂದೆ ಬಂದು ವರ್ಗಾವಣೆ ಪತ್ರ ಕೇಳಿ ಹೋದುದಾಗಿಯೂ ತಿಳಿಸಿದರು. ಅಂಕಪಟ್ಟಿಯಲ್ಲಿ ಮೌಖಿಕ ಪರೀಕ್ಷೆಯ ಅಂಕಣವನ್ನು ಇನ್ನೂ ತುಂಬಿಸಿಲ್ಲವಂತೆ. ತುಂಬಿಸುವ ಮೊದಲು ಆ ಎರಡು ಆಡುಗಳ ಕಥೆಯನ್ನು ಪೂರ್ತಿ ಹೇಳಿಸುತ್ತೇನೆ ಎಂದರು.