ಚಾಕುಗಳ ಹುಟ್ಟೂರು ಹುಡುಕುತ್ತ

ವಿಯೆಟ್ನಾಂ ಯುದ್ಧಕಾಲದ ಅಮೆರಿಕನ್ ಪೈಲಟ್ ಚಾಕುವಿನ ಬೆಲೆ ಅಲಗಿನಲ್ಲಿಲ್ಲ, ಹಿಡಿಯ ತುದಿಯಲ್ಲಿದೆ. ಅಲ್ಲಿರುವ ದಪ್ಪ ಉಕ್ಕಿನ ತಲೆಯ ಮೇಲೆ ‘ಕಮಿಲಸ್, ನ್ಯೂಯಾರ್ಕ್, 2-1968’ ಎಂಬಂಥ ಮುದ್ರೆ ಒತ್ತಿರುತ್ತಾರೆ. ಯಾವ ಊರು, ಯಾವ ತಿಂಗಳು, ಯಾವ ವರ್ಷ ಎಲ್ಲವೂ ಅಲ್ಲೇ ಸಿಗುತ್ತದೆ. ಸಂಗ್ರಾಹಕರು ಮೊದಲು ನೋಡುವುದೇ ಅದನ್ನು. ಆ ಊರನ್ನು ಕಣ್ಣಾರೆ ನೋಡಬೇಕೆಂಬ ಹುಚ್ಚು ಹತ್ತಿದ್ದು ಸಿರಾಕ್ಯೂಸ್‌ನಲ್ಲಿರುವ ತಮ್ಮನ ಮನೆಯಲ್ಲಿದ್ದಾಗ. “ಅಲ್ಲ ಕಣಣ್ಣಾ, ಎಲ್ಲರೂ ನಯಾಗರಾ ನೋಡೋಕೆ ಬಂದ್ರೆ ನೀನು ಚಾಕು ಫ್ಯಾಕ್ಟರಿ ಅಂತೀಯಲ್ಲ!” ಎಂದು ಗೊಣಗುತ್ತಲೇ ಅವನು ಕಾರು ತೆಗೆದ.

ಕಮಿಲಸ್ ಪುಟ್ಟ ಹಳ್ಳಿ. ಪಕ್ಕದಲ್ಲೇ ಹಳೆಯ ಈರಿ ಕಾಲುವೆ, ಹಳ್ಳದ ಮೇಲೆ ಅದನ್ನು ದಾಟಿಸುವ ಕಲ್ಲಿನ ಮೇಲ್ಗಾಲುವೆ. 1894ರಲ್ಲಿ ಇಲ್ಲಿ ಚಾಕು ಕೆಲಸ ಶುರುವಾಯಿತು. 1902ರಲ್ಲಿ ಅಡಾಲ್ಫ್ ಕಾಸ್ಟರ್ ಎಂಬ ಜರ್ಮನ್ ವಲಸಿಗ ವ್ಯಾಪಾರಿ ಕಾರ್ಖಾನೆಯನ್ನು ಕೊಂಡು, ಜರ್ಮನಿಯಿಂದಲೇ ಕಸುಬುದಾರರನ್ನು ಕರೆಸಿಕೊಂಡ. ಎರಡನೇ ಮಹಾಯುದ್ಧ ಬಂದಾಗ ಅದೇ ಕಾರ್ಖಾನೆ ಜರ್ಮನಿ, ಜಪಾನ್‌ಗಳ ವಿರುದ್ಧ ಹೊರಟ ಸೈನಿಕರ ಸೊಂಟಕ್ಕೆ ಚಾಕು ಕಟ್ಟಿತು. 2007ರಲ್ಲಿ ಬಾಗಿಲು ಹಾಕಿತು. ನಾನು ಕಂಡದ್ದು ಚೊಕ್ಕಟವಾಗಿ ನವೀಕರಿಸಿದ ಇಟ್ಟಿಗೆ ಕಟ್ಟಡ, ಒಳಗೆ ಬಾಡಿಗೆ ಫ್ಲಾಟುಗಳು. ಜಗತ್ತಿನ ಎಷ್ಟೆಷ್ಟೋ ಕಾಡುಗಳಿಗೆ ತನ್ನ ಹೆಸರನ್ನು ಉಕ್ಕಿನಲ್ಲಿ ಒತ್ತಿ ಕಳಿಸಿದ ಊರು ಇಷ್ಟೇನಾ ಎಂದು ನಿಂತುಬಿಟ್ಟೆ. ಇಷ್ಟೇ!

ಹಾದಿಯಲ್ಲಿ ಸಿಕ್ಕ ಹಳೇ ಸಾಮಾನಿನ ಅಂಗಡಿಯಲ್ಲಿ ಪೈಲಟ್ ಚಾಕು ಕೈಗೆ ಬಂತು. 5 ಅಂಗುಲದ ಕಪ್ಪು ಅಲಗು. ಇದರ ಮೊದಲ ಮಾದರಿ 6 ಅಂಗುಲದ್ದು, ಮಿಚಿಗನ್‌ನ ಮಾರ್ಬಲ್ಸ್ ಕಂಪನಿ ಮಾಡಿದ್ದು. 60ರ ದಶಕದಲ್ಲಿ ಒಂದು ಅಂಗುಲ ಕಡಿಮೆಯಾಯಿತು. ಅಲಗಿನ ಬೆನ್ನಿಗೆ ಗರಗಸದ ಹಲ್ಲು. ಮರ ಕೊಯ್ಯಲು ಇರಬೇಕು ಎನಿಸುತ್ತದೆ, ಆದರೆ ಅದಿರುವುದು ಬಿದ್ದ ವಿಮಾನದ ತೆಳು ಲೋಹದ ಮೈಯನ್ನು ಸೀಳಿ ಹೊರಬರಲು. ಕೈ ಜಾರದಂತೆ ತಡೆಯುವ ಅಡ್ಡಪಟ್ಟಿಯಲ್ಲಿ ಎರಡು ತೂತು: ಕೋಲಿಗೆ ಬಿಗಿದರೆ ಈಟಿ. ಆರು ಮೂಲೆಯ ತಲೆ ಸುತ್ತಿಗೆ. ಚರ್ಮದ ಒರೆಯ ಮೇಲೊಂದು ಕಿಸೆ, ಅದರಲ್ಲಿ ಸಾಣೆಕಲ್ಲು. ಹಿಡಿ ಎಂದರೆ ಬಿಲ್ಲೆ ಬಿಲ್ಲೆ ಚರ್ಮವನ್ನು ಉಕ್ಕಿನ ಬಾಲಕ್ಕೆ ಪೋಣಿಸಿ, ಒತ್ತಿ, ಉಜ್ಜಿ ದುಂಡಗೆ ಮಾಡಿದ್ದು. ಒಬ್ಬಂಟಿಯಾಗಿ ಶತ್ರುನೆಲದಲ್ಲಿ ಬೀಳುವವನಿಗೆ ಏನೇನು ಬೇಕಾಗಬಹುದೆಂದು ಯಾರೋ ಕೂತು ಎಷ್ಟು ಯೋಚಿಸಿದ್ದಾರೆ! ಅಂಗಡಿಯಾತ ಹೇಳಿದ ಬೆಲೆ ಕೇಳಿ ತಮ್ಮ ಕಣ್ಣಲ್ಲೇ ಬೇಡ ಎಂದ. ನಾನು ಆ ಕಡೆ ನೋಡಲಿಲ್ಲ.

ಅಲ್ಲಿಂದ ನೈಋತ್ಯಕ್ಕೆ ಸುಮಾರು ಮೂರು ಗಂಟೆಯ ದಾರಿ ಫ್ರಾಂಕ್ಲಿನ್‌ವಿಲ್. ವಾಯುಪಡೆಗೆ ಇದೇ ಚಾಕು ಒದಗಿಸಿದ ಒಂಟಾರಿಯೋ ನೈಫ್ ಕಂಪನಿಯ ಊರು. ಕಂಪನಿ 2023ರಲ್ಲಿ ಕೈ ಬದಲಾಗಿ ಇಲ್ಲಿನ ಕೆಲಸ ನಿಂತಿದೆ. ಹೆಚ್ಚು ಹೊತ್ತು ನಿಲ್ಲಲಿಲ್ಲ.

ಇನ್ನೂ ಅರ್ಧ ಗಂಟೆ ದಕ್ಷಿಣಕ್ಕೆ ಹೋದರೆ ಅಲೆಗೇನಿ ನದಿಯ ದಡದ ಓಲಿಯನ್. ಇದು ‘ಕಾ-ಬಾರ್’ ಚಾಕುಗಳ ಊರು, ಕಾರ್ಖಾನೆ ಇನ್ನೂ ಜೀವಂತ. ಬೇಟೆಗಾರನೊಬ್ಬ ಈ ಚಾಕುವಿನಿಂದ ಕರಡಿಯನ್ನು ಕೊಂದು ಬದುಕಿ ಉಳಿದೆನೆಂದು ಗೀಚಿದ ಕಾಗದದಿಂದ ಆ ಹೆಸರು ಹುಟ್ಟಿತೆಂದು ಕಂಪನಿ ಹೇಳಿಕೊಳ್ಳುತ್ತದೆ. ಎಷ್ಟು ನಿಜವೋ, ಜಾಹೀರಾತಿಗಂತೂ ಹೇಳಿ ಮಾಡಿಸಿದ ಕಥೆ. ನನ್ನನ್ನು ಬೆರಗಾಗಿಸಿದ್ದು ಬೇರೆ. ಅಮೆರಿಕದ ಮರೀನ್ ಪಡೆ 1942ರಲ್ಲಿ ಒಪ್ಪಿದ 7 ಅಂಗುಲದ ಚಾಕುವನ್ನು ಮೊದಲು ಮಾಡಿ ಕೊಟ್ಟದ್ದೂ, ಯುದ್ಧಕಾಲದಲ್ಲಿ ಅತಿ ಹೆಚ್ಚು ಮಾಡಿದ್ದೂ ನಾನು ಆಗಷ್ಟೇ ನೋಡಿ ಬಂದಿದ್ದ ಕಮಿಲಸ್. ಓಲಿಯನ್ನಿನ ಯೂನಿಯನ್ ಕಟ್ಲರಿ ಮಾತ್ರ ತನ್ನ ಚಾಕುಗಳ ಅಲಗಿನ ಬುಡದಲ್ಲಿ ‘ಕಾ-ಬಾರ್’ ಎಂದು ಎದ್ದು ಕಾಣುವಂತೆ ಒತ್ತಿತು. ಸೈನಿಕರ ಬಾಯಲ್ಲಿ ಯಾರು ಮಾಡಿದ ಚಾಕುವಾದರೂ ಕಾ-ಬಾರ್ ಆಯಿತು. ಕೊನೆಗೆ 1952ರಲ್ಲಿ ಕಂಪನಿಯೇ ಆ ಹೆಸರಿಟ್ಟುಕೊಂಡಿತು. ದುಡಿಮೆ ಒಂದು ಊರಿನದು, ಕೀರ್ತಿ ಇನ್ನೊಂದು ಊರಿನದು.

ಸ್ಮರಣಾರ್ಥ ಚಾಕುಗಳ ಸಾಲು ಶುರುವಾಗುವುದೂ ಇಲ್ಲಿಂದಲೇ. 1775ರಲ್ಲಿ ಹುಟ್ಟಿದ ಮರೀನ್ ಪಡೆಗೆ 200 ತುಂಬಿದ ನೆನಪಿಗೆ ಕಾ-ಬಾರ್ ತನ್ನ ಯುದ್ಧಕಾಲದ ಮಾದರಿಯನ್ನು ಮತ್ತೆ ಮಾಡಿತು. ಆಮೇಲೆ ಕೊರಿಯಾ, ವಿಯೆಟ್ನಾಂ, ಇರಾಕ್ ಹೀಗೆ ಒಂದೊಂದು ಯುದ್ಧದ ಹೆಸರನ್ನೂ ಅಲಗಿನ ಮೇಲೆ ಕೊರೆದು ಮಾರಿದರು. ನೋಡಲು ಚೆಂದ. ಕಾದಾಡಿದವರ ಮನೆಯ ಗೋಡೆಗೆ ಅವು ಗೌರವವೇ ಸರಿ. ಆದರೆ ನನ್ನಂಥವನಿಗೆ ಆ ಕೆತ್ತನೆಗಿಂತ ತಿಂಗಳು-ವರ್ಷದ ಆ ಸಣ್ಣ ಮುದ್ರೆಯೇ ಹೆಚ್ಚು. ಅದನ್ನು ಒತ್ತಿದವನು ನೆನಪಿಗೆಂದು ಒತ್ತಿದ್ದಲ್ಲ, ಲೆಕ್ಕಕ್ಕೆಂದು ಒತ್ತಿದ್ದು.

ನಿಮಗೂ ಇಂಥದ್ದೊಂದು ಸಿಕ್ಕರೆ ಹೊಳಪು ಬರಲೆಂದು ಉಜ್ಜಬೇಡಿ. ಅಲಗಿನ ಕಪ್ಪು ಹೋದರೆ ಬೆಲೆಯೂ ಹೋಯಿತು. ಚರ್ಮ ತೇವ ಹಿಡಿದು ಉಕ್ಕಿಗೆ ತುಕ್ಕು ತರುತ್ತದೆ. ಆದ್ದರಿಂದ ಒರೆಯನ್ನು ಬೇರೆ ಇಟ್ಟು, ಅಲಗಿಗೆ ತೆಳುವಾಗಿ ಎಣ್ಣೆ ಸವರಿಡಿ. ವಿಮಾನ ಹತ್ತುವಾಗ ಕೈಚೀಲದಲ್ಲಂತೂ ಇಟ್ಟುಕೊಳ್ಳಲೇಬೇಡಿ.